ದೊಡ್ಡವರ ಪಾಲು

ಯಾರ ಪಾಲಿಗೆ ಎಷ್ಟು ಕಂಪ್ಯೂಟರ್ ಮೆಮೊರಿ ಎಂಬುದು ಆ ವಿಭಾಗದಲ್ಲಿ ರಾಜ್ಯ ಹಂಚಿಕೊಳ್ಳುವಷ್ಟೇ ಗಂಭೀರವಾದ ಪ್ರಶ್ನೆಯಾಗಿತ್ತು. ಎಲ್ಲ ಸಂಶೋಧಕರೂ ಲೆಕ್ಕ ಬರೆದು ಓಡಿಸುವ ನೋಟ್‌ಬುಕ್‌ಗಳು ಇನ್ನು ಒಂದೇ ಸರ್ವರಿನಲ್ಲಿ ಇರಬೇಕು. ಅದನ್ನು ಕಟ್ಟಿ ನಿಲ್ಲಿಸಿದ ಎಂಜಿನಿಯರ್ ಪ್ರತಿಯೊಬ್ಬರಿಗೂ ಒಂದೇ ಮಿತಿ ಹಾಕಿದ. ಮಕ್ಕಳನ್ನು ಶಾಲೆಗೆ ಸೇರಿಸಿದ ಮೇಲೆ ಸಂಶೋಧನೆಗೆ ಮರಳಿ ಅದೇ ವಿಭಾಗದಲ್ಲಿದ್ದ ತನ್ನ ಅತ್ತಿಗೆಗೂ ಹಾಕಿದ. ಮನೆಯವರಿಗೆ ಹೆಚ್ಚು ಬಡಿಸಿದ ಎಂಬ ಮಾತು ಅವನಿಗೆ ಬೇಡವಾಗಿತ್ತು. ಮುಖ್ಯಸ್ಥರಿಗೆ ಮಾತ್ರ ಹಾಕಲಿಲ್ಲ. ಎಲ್ಲರೂ ದೊಡ್ಡವರು ಎಂದೇ ಕರೆಯುವ ಮನುಷ್ಯನಿಗೆ ‘ಇಷ್ಟೇ’ ಎಂದು ಬರೆಯಲು ಕೈ ಬರಲಿಲ್ಲ.

ಉದ್ಘಾಟನೆಯ ದಿನ ದೊಡ್ಡವರು ಸಭಾಂಗಣದಲ್ಲಿ ಅತಿಥಿಗಳ ಎದುರು ತಮ್ಮ ನೋಟ್‌ಬುಕ್ ತೆರೆದು, ವರ್ಷಾನುಗಟ್ಟಲೆ ಕೂಡಿಟ್ಟ ಹವಾಮಾನದ ಅಂಕಿಅಂಶವನ್ನೆಲ್ಲ ಒಂದೇ ಏಟಿಗೆ ಒಳಗೆಳೆದರು. ಪಕ್ಕದ ಕೋಣೆಯಲ್ಲಿ ಎಂಜಿನಿಯರ್ ತನ್ನ ಪರದೆಯ ಮೇಲೆ, ಮೆಮೊರಿ ಎಷ್ಟು ತುಂಬಿದೆ ಎಂದು ತೋರಿಸುವ ಕೆಂಪು ಪಟ್ಟಿ ಏರುವುದನ್ನೇ ನೋಡುತ್ತಿದ್ದ. ಅದು ತುಂಬಿದರೆ ಇಡೀ ಯಂತ್ರ ಮಲಗುತ್ತದೆ. ಪ್ರಯೋಗಕ್ಕೆಂದು ವಾರದಿಂದ ಅದರಲ್ಲೇ ಓಡುತ್ತಿದ್ದ ಅತ್ತಿಗೆಯ ಲೆಕ್ಕವೂ ಹೋಗುತ್ತದೆ. ಅದು ಸಂಜೆಗೆ ಮುಗಿಯುವುದರಲ್ಲಿತ್ತು. ಮರುದಿನ ಆಕೆ ಪ್ರಬಂಧ ಒಪ್ಪಿಸಬೇಕು. ಗಡುವನ್ನು ಒಮ್ಮೆ ಮುಂದೂಡಿ ಆಗಿತ್ತು, ಇನ್ನೊಮ್ಮೆ ಇಲ್ಲ ಎಂದು ದೊಡ್ಡವರೇ ಹೇಳಿದ್ದರು.

ಅತ್ತಿಗೆ ಬಂದು ಅವನ ಬೆನ್ನ ಹಿಂದೆ ನಿಂತಳು.

“ಯಾರ್ದು ಅದು, ಎಲ್ಲಾರ್ಗಿಂತ ಮೇಲಿರೋದು?”

“ದೊಡ್ಡವ್ರದ್ದು.”

“ಅವ್ರಿಗೆ ಮಿತಿ ಹಾಕಿಲ್ವಾ?”

“ಹೇಗೆ ಹಾಕೋದು ಅತ್ತಿಗೆ? ದೊಡ್ಡವ್ರು.”

“ನಂಗೆ ಹಾಕೋವಾಗ ಕೈ ನಡುಗ್ಲಿಲ್ವಲ್ಲ.”

ಆಕೆ ದನಿ ಎತ್ತಲಿಲ್ಲ. ಎತ್ತಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ದೊಡ್ಡವರಿಗೆ ಫೋನ್ ಮಾಡಿದ, ಭಾಷಣದಲ್ಲಿದ್ದವರು ಎತ್ತಲಿಲ್ಲ. ಇಲ್ಲಿ ಒಬ್ಬರ ಭಾರ ಇನ್ನೊಬ್ಬರ ಮೇಲೆ ಬೀಳುವ ಮಾತೇ ಇಲ್ಲ ಎಂದು ಅವರು ಅತಿಥಿಗಳಿಗೆ ವಿವರಿಸುತ್ತಿದ್ದುದು ಗೋಡೆಯಾಚೆಯಿಂದ ಕೇಳಿಸುತ್ತಿತ್ತು. ಚಪ್ಪಾಳೆ ಬಿತ್ತು. ಪಟ್ಟಿ ಇನ್ನಷ್ಟು ಏರಿತು. ದೊಡ್ಡವರ ಹೆಸರಿನ ಪಕ್ಕದಲ್ಲಿ ‘ನಿಲ್ಲಿಸು’ ಎಂಬ ಸಣ್ಣ ಗುಂಡಿಯಿತ್ತು.

“ನನ್ ಕೆಲ್ಸ ಹೋದ್ರೆ ಅಣ್ಣಂಗೆ ನೀವೇ ಹೇಳ್ಬೇಕು,” ಎಂದ.

“ಹೇಳ್ತೀನಿ. ಒತ್ತು.”

ಒತ್ತಿದ. ಗೋಡೆಯಾಚೆ ಮಾತು ನಿಂತಿತು. ಕುರ್ಚಿಯೊಂದು ಕಿರುಗುಟ್ಟಿತು, ಯಾರೋ ಕೆಮ್ಮಿದರು. ಆಮೇಲೆ ದೊಡ್ಡವರು, ತಲೆಯ ಮೇಲೆ ದೀಪಗಳೆಲ್ಲ ಉರಿಯುತ್ತಿದ್ದರೂ, ತಪ್ಪನ್ನು ಕರೆಂಟಿನ ಮೇಲೆ ಹಾಕಿ ಅತಿಥಿಗಳನ್ನು ಕಾಫಿಗೆ ಕರೆದೊಯ್ದರು.

ಅವರು ಮರಳುವಷ್ಟರಲ್ಲಿ ಎಂಜಿನಿಯರ್ ಅವರ ಹೆಸರಿನ ಮುಂದೆ ಎಲ್ಲರಿಗಿದ್ದ ಮಿತಿಯ ಅಂಕಿಯನ್ನೇ ಹಾಕಿದ್ದ. ಸಂಜೆ ಅತ್ತಿಗೆಯ ಲೆಕ್ಕ ಮುಗಿಯಿತು.