ಪಕ್ಕದ ಮೇಜಿನ ‘ರೀ’

ಬೀಸಣಿಗೆ ಮಾಡಬೇಕೆಂದರೆ ಮೊದಲು ಫ್ಯಾನ್ ಆರಿಸಬೇಕು. ಇಲ್ಲದಿದ್ದರೆ ಬಣ್ಣದ ಕಾಗದಗಳೆಲ್ಲ ಹಾರಿಹೋಗುತ್ತವೆ. ಹಾಗಾಗಿ ವಯಸ್ಸಾದವರನ್ನು ಹಗಲು ಹೊತ್ತು ನೋಡಿಕೊಳ್ಳುವ ಆ ಕೇಂದ್ರದ ಹಜಾರದಲ್ಲಿ, ಸುಡುಬೇಸಿಗೆಯಲ್ಲಿ, ನಾವು ಮುದುಕ ಮುದುಕಿಯರೆಲ್ಲ ಬೆವರು ಒರೆಸಿಕೊಳ್ಳುತ್ತ ಗಾಳಿ ಬೀಸಿಕೊಳ್ಳುವ ಸಾಮಾನು ತಯಾರಿಸುತ್ತಿದ್ದೆವು. ಯಾರ ತಲೆಗೆ ಹೊಳೆದ ಉಪಾಯವೋ, ಅವರನ್ನು ಕರೆಸಿ ಸನ್ಮಾನ ಮಾಡಬೇಕು.

ನಮ್ಮಿಬ್ಬರನ್ನು ಅಲ್ಲಿಗೆ ಸೇರಿಸಿದವಳು ಮಗಳು. “ಇಬ್ರೂ ಮನೇಲಿ ಕೂತು ದಿನವಿಡೀ ಕಚ್ಚಾಡೋ ಬದಲು ನಾಲ್ಕು ಜನರ ಜೊತೆ ಇರಿ,” ಅಂದಳು. ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಬಿಡುತ್ತಾಳೆ, ಸಂಜೆ ಬರುವಾಗ ಕರೆದುಕೊಂಡು ಹೋಗುತ್ತಾಳೆ. ನನಗೇನೂ ಬೇಸರವಿರಲಿಲ್ಲ. ನಾನು ಶಾಲೆಯಲ್ಲಿ ಹೊಲಿಗೆ ಟೀಚರಾಗಿದ್ದವಳು. ಕತ್ತರಿ, ದಾರ, ಗೋಂದು ಇವೆಲ್ಲ ನನ್ನ ಕೈಗೆ ಹೊಸದಲ್ಲ. ಹೊಸದಾಗಿದ್ದದ್ದು ನಮ್ಮ ಯಜಮಾನರಿಗೆ. ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಮನೆಯಲ್ಲಿ ಇಲ್ಲಿರುವ ಕಡ್ಡಿ ತೆಗೆದು ಅಲ್ಲಿಟ್ಟವರಲ್ಲ.

ಕ್ರಾಫ್ಟ್ ಮೇಡಂ ತೋರಿಸಿಕೊಟ್ಟದ್ದು ಸುಲಭದ ಕೆಲಸ. ಒಂದು ಮಡಿಕೆ ಮುಂದಕ್ಕೆ, ಒಂದು ಹಿಂದಕ್ಕೆ, ಬುಡದಲ್ಲಿ ದಾರ ಬಿಗಿದು ಎರಡೂ ತುದಿಗೆ ಐಸ್‌ಕ್ರೀಮ್ ಕಡ್ಡಿ ಅಂಟಿಸುವುದು. ಇವರದ್ದೋ, ಒಂದು ಮಡಿಕೆ ಅಗಲ, ಇನ್ನೊಂದು ಸಣ್ಣ, ಮತ್ತೊಂದು ಸೊಟ್ಟ. ಹಾಗೇ ಬಿಡಲಾದೀತೇ, ನಾಲ್ಕು ಜನ ನೋಡುತ್ತಾರೆ. ಅವರ ಕೈಯಿಂದ ತೆಗೆದುಕೊಂಡೆ, ಬಿಚ್ಚಿದೆ, ಉಗುರಿನಿಂದ ಗೀರಿ ಇಸ್ತ್ರಿ ಹಾಕಿದ ಹಾಗೆ ಮಡಿಸಿ ಕೊಟ್ಟೆ. ಮುಂದಿನದನ್ನೂ ಹಾಗೆಯೇ ಮಾಡಿಕೊಟ್ಟೆ. ಅವರು ಕೈ ಕಟ್ಟಿಕೊಂಡು ಕಿಟಕಿಯಾಚೆ ನೋಡುತ್ತ ಕೂತರು. ಸದ್ಯ, ಅಡ್ಡ ಬರಲಿಲ್ಲವಲ್ಲ ಅಂದುಕೊಂಡೆ.

ಆ ವಾರವೇ ಆಪರೇಟರಮ್ಮ ಬಂದಳು. ಟೆಲಿಫೋನ್ ಆಪರೇಟರ್ ಆಗಿದ್ದವಳು, ಗಂಡ ತೀರಿಹೋಗಿ ಬಹಳ ಕಾಲವಾಗಿದೆಯಂತೆ. ಕೇಳಿ ಅಯ್ಯೋ ಪಾಪ ಅನ್ನಿಸಿತು. ಆ ಅಯ್ಯೋ ಪಾಪ ಮಧ್ಯಾಹ್ನದ ಊಟದವರೆಗೂ ಬಾಳಲಿಲ್ಲ. ಪಕ್ಕದ ಮೇಜಿನಲ್ಲಿ ಕೂತವಳು ನಮ್ಮ ಕಡೆ ತಿರುಗಿ, ಜೇನು ಸುರಿಯುವ ದನಿಯಲ್ಲಿ, “ರೀ, ಆ ಗೋಂದು ಸ್ವಲ್ಪ ಕೊಡ್ತೀರಾ?” ಎಂದಳು.

“ಹಾಂ, ಬಂದೆ,” ಎಂದು ನಮ್ಮ ಯಜಮಾನರು ಎದ್ದೇಬಿಟ್ಟರು.

ನಾನು ಗಂಟಲು ಹರಿಯುವ ಹಾಗೆ ಕೂಗಿದರೂ ಕೇಳಿಸದ ಕಿವಿ ಅದು! ನನಗೆ ಮೈಯೆಲ್ಲ ಉರಿಯಿತು. ರೀ ಅಂತೆ, ರೀ! ಸರ್ ಅನ್ನಬಹುದಿತ್ತು. ಅಣ್ಣಾ ಅನ್ನಬಹುದಿತ್ತು. ಆ ತಲೆಗೂದಲು ನೋಡಿ ತಾತಾ ಅಂದಿದ್ದರೂ ನಡೆಯುತ್ತಿತ್ತು. ಮದುವೆಯಾದಂದಿನಿಂದ ನಾನು ಅವರನ್ನು ಕರೆದಿರುವುದು ಆ ಒಂದೇ ಅಕ್ಷರದಿಂದ. ಒಮ್ಮೆಯೂ ಹೆಸರು ಹಿಡಿದು ಕರೆದವಳಲ್ಲ. ಅದನ್ನು ಈ ಹೆಂಗಸು ಬಂದ ದಿನವೇ ಗೋಂದಿನ ಜೊತೆ ಕೇಳಿ ತೆಗೆದುಕೊಂಡಳು.

ಗೋಂದು ಕೊಡಲು ಹೋದವರು ಅಲ್ಲೇ ಅಂಟಿಕೊಂಡರು. ಬೀಸಣಿಗೆಯ ಬುಡಕ್ಕೆ ತೂತು ಮಾಡಿಕೊಟ್ಟರಂತೆ, ಅದಕ್ಕೆ ಅವಳು, “ಎಷ್ಟು ನೀಟಾಗಿ ಮಾಡ್ತೀರ್ರೀ!” ಎಂದು ಹೊಗಳಿ ಅಟ್ಟಕ್ಕೇರಿಸಿದಳು. ಟಿಕೆಟ್ಟಿಗೆ ತೂತು ಹಾಕುತ್ತಲೇ ಕೂದಲು ಹಣ್ಣಾದ ಮನುಷ್ಯ, ಮಾಡದೆ ಏನು? ಮರುದಿನ ಬಿಸಿಲಿಗೆ ಹಾಕಿಕೊಳ್ಳುವ ಕಾಗದದ ಟೋಪಿ ಮಾಡುವುದಿತ್ತು. ಇವರು ನೆಟ್ಟಗೆ ಅದೇ ಮೇಜಿಗೆ ಹೋದರು. ಇವರು ಕತ್ತರಿಸಿದ್ದು ಇಲಿ ಕಡಿದ ಹಾಗಿತ್ತು. ಅವಳು ಅದನ್ನೇ ಅಂಟಿಸಿ, ಇವರ ತಲೆಯ ಮೇಲಿಟ್ಟು, “ಚೆನ್ನಾಗಿದೆ ಕಣ್ರೀ,” ಎಂದು ಚಪ್ಪಾಳೆ ತಟ್ಟಿದಳು. ಹಾಡುಹಗಲೇ, ನನ್ನ ಕಣ್ಣೆದುರೇ, ನಮ್ಮ ಯಜಮಾನರಿಗೆ ಟೋಪಿ ಹಾಕಿದಳು. ಇವರು ಅದನ್ನು ಹಾಕಿಕೊಂಡೇ ಕಾರಿಗೆ ಬಂದರು. ಮಗಳು ನಕ್ಕು ನಕ್ಕು ಸಾಕಾದಳು. ನಾನು ಮುಖ ಊದಿಸಿಕೊಂಡು ಕೂತೆ.

ಅಷ್ಟಕ್ಕೇ ನಿಂತಿದ್ದರೆ ನುಂಗಿಕೊಳ್ಳುತ್ತಿದ್ದೆನೇನೋ. ರಜೆಯ ದಿನ ಮನೆಯಲ್ಲಿ ಹಳೆಯ ಪೇಪರು ಹರಡಿಕೊಂಡು, ನಾಲಿಗೆ ಕಚ್ಚಿಕೊಂಡು, ಮಡಿಕೆ ಹಾಕುವುದನ್ನು ಅಭ್ಯಾಸ ಮಾಡುತ್ತಿದ್ದರು! “ಏನಿದು?” ಎಂದರೆ, “ಸುಮ್ನೆ,” ಎಂದರು. ಈ ಸುಮ್ಮನೆ ಯಾರಿಗಾಗಿ ಎಂದು ನನಗೆ ಗೊತ್ತಿಲ್ಲವೇ? ಹೊಟ್ಟೆಯೊಳಗೆ ಯಾರೋ ಕಡ್ಡಿ ಗೀರಿದಂತಾಯಿತು. ಹೌದು, ಹೊಟ್ಟೆಕಿಚ್ಚೇ. ಈ ವಯಸ್ಸಿನಲ್ಲಿ ಅದು ಬರಬಾರದೆಂದು ಯಾವ ಡಾಕ್ಟರೂ ನನಗೆ ಹೇಳಿಲ್ಲ.

ಆಮೇಲೆ ಒಂದು ಸಂಜೆ ಮನೆಗೆ ಬಿಡುವ ಹೊತ್ತಿಗೆ ಕ್ರಾಫ್ಟ್ ಮೇಡಂ, “ನಾಳೆ ಗೋಡೆಗೆ ಹಾಕೋಕೆ ದೊಡ್ಡ ದೊಡ್ಡ ಬೀಸಣಿಗೆ ಮಾಡೋಣ. ಇಬ್ಬಿಬ್ಬರು ಜೋಡಿಯಾಗಿ ಕೂತ್ಕೊಳ್ಳಿ. ಬೇಸಿಗೆ ಮುಗಿಯೋವರೆಗೂ ಅದೇ ಜೋಡಿ,” ಎಂದು ಸಾರಿದರು. ನಾನು ಪಕ್ಕದ ಮೇಜಿನ ಕಡೆ ನೋಡಿದೆ. ಆಪರೇಟರಮ್ಮ ಇವರ ಕಿವಿಯ ಹತ್ತಿರ ಬಾಗಿ ಏನೋ ಹೇಳುತ್ತಿದ್ದಳು.

ಹೊರಗೆ ಬೆಂಚಿನ ಮೇಲೆ ಮಗಳಿಗಾಗಿ ಕಾಯುವಾಗ ನನ್ನಿಂದ ತಡೆಯಲಾಗಲಿಲ್ಲ.

“ನಾಳೆ ಯಾರ ಜೊತೆ ಕೂರ್ತೀರಾ?”

“ಅವರು ಕರೆದಿದಾರೆ.”

“ನೀವೇನಂದ್ರಿ?”

“ನೋಡೋಣ ಅಂದೆ.”

“ನೋಡೋಣ ಅಂದ್ರಾ! ನನಗೆ ಒಂದು ದಿನ ಸೂಜಿಗೆ ದಾರ ಪೋಣಿಸಿ ಕೊಟ್ಟಿದೀರಾ? ಅವಳಿಗಾದ್ರೆ ತೂತು ಏನು, ಟೋಪಿ ಏನು! ಏನಿದೆ ಅಂಥದ್ದು ಅವಳ ಹತ್ರ?”

ಅವರು ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡರು. ಜಗಳಕ್ಕೆ ಬರುತ್ತಾರೆಂದು ನಾನು ಸಜ್ಜಾಗಿ ಕೂತಿದ್ದೆ.

“ಅವರು ಬಿಚ್ಚಲ್ಲ ಕಣೇ,” ಎಂದರು.

“ಏನು ಬಿಚ್ಚಲ್ಲ?”

“ನಾನು ಮಾಡಿದ್ದನ್ನ. ಸೊಟ್ಟಗಿದ್ರೂ ಹಾಗೇ ಇಟ್ಕೋತಾರೆ.”

ಅಷ್ಟರಲ್ಲಿ ಕಾರು ಬಂತು. ದಾರಿಯುದ್ದಕ್ಕೂ ನನ್ನ ಮನಸ್ಸಿನಲ್ಲಿ ವಾದ ನಡೆದೇ ಇತ್ತು. ಸೊಟ್ಟಗಿದ್ದದ್ದನ್ನು ನೆಟ್ಟಗೆ ಮಾಡುವುದು ತಪ್ಪೇ? ಅವಳಿಗೇನು, ಆ ಸೊಟ್ಟ ಮಡಿಕೆಯ ಜೊತೆ ಅವಳು ಸಂಸಾರ ಮಾಡಬೇಕೇ? ಮನೆಗೆ ಬಂದ ಮೇಲೆ ಇವರು ಒಣಗಿದ ಟವೆಲ್ ತಂದು ಮಡಿಸಿ ಕುರ್ಚಿಯ ಮೇಲಿಟ್ಟರು. ನಾನು ಅತ್ತ ಹೋಗಿ, ಅದನ್ನು ಬಿಚ್ಚಿ, ಅಂಚಿಗೆ ಅಂಚು ಕೂಡಿಸಿ ಮಡಿಸಿ ಕಪಾಟಿನಲ್ಲಿಟ್ಟೆ. ಇಟ್ಟ ಮೇಲೆ ಗೊತ್ತಾಯಿತು, ಅವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

ಮರುದಿನ ಹಜಾರದಲ್ಲಿ ಫ್ಯಾನ್ ಆರಿಸಿ ಆಗಿತ್ತು. ಎಲ್ಲರಿಗೂ ಚಾಪೆಯಷ್ಟು ದೊಡ್ಡ ಕಾಗದ ಕೊಟ್ಟಿದ್ದರು. ಇವರು ಕೈತೊಳೆದುಕೊಂಡು ಬಂದು ಎರಡು ಮೇಜುಗಳ ನಡುವೆ ನಿಂತರು.

“ರೀ, ಬನ್ನಿ, ಜಾಗ ಇಟ್ಟಿದೀನಿ,” ಎಂದಳು ಆಪರೇಟರಮ್ಮ.

“ರೀ,” ಎಂದೆ ನಾನು. ಗಟ್ಟಿಯಾಗಿ ಹೇಳಬೇಕೆಂದಿದ್ದೆ, ಗಂಟಲಿನಿಂದ ಅರ್ಧವೇ ಬಂತು. ಅದು ಹೇಗೆ ಕೇಳಿಸಿತೋ, ಇವರು ನನ್ನ ಕಡೆ ತಿರುಗಿದರು. ಕಾಗದವನ್ನು ಖಾಲಿ ಕುರ್ಚಿಯ ಮುಂದಕ್ಕೆ ತಳ್ಳಿ, “ನೀವು ಮಡಿಸಿ. ನಾನು ದಾರ ಹಿಡ್ಕೊಂಡು ಕೂತಿರ್ತೀನಿ,” ಎಂದೆ.

ಬಂದು ಕೂತರು. ಪೂರ್ತಿ ಕೂರಲಿಲ್ಲ, ಕುರ್ಚಿಯ ತುದಿಯಲ್ಲಿ ಕೂತರು. ಎದ್ದು ಹೋಗಲು ಅನುಕೂಲವಾಗಲೆಂದು ಇರಬೇಕು. ಮಡಿಸಲು ಶುರುಮಾಡಿದರು. ಒಂದು ಮಡಿಕೆ ಅಗಲ, ಒಂದು ಸಣ್ಣ. ಪ್ರತಿ ಮಡಿಕೆಗೂ ನನ್ನ ಮುಖ ನೋಡುತ್ತಿದ್ದರು. ನನ್ನ ಬೆರಳುಗಳು ಚಡಪಡಿಸಿದವು. ದಾರವನ್ನು ಬೆರಳಿಗೆ ಸುತ್ತಿಕೊಂಡೆ, ಬಿಗಿಯಾಗಿ, ಬೆರಳ ತುದಿ ಕೆಂಪಾಗುವಷ್ಟು. ಆಚೆ ಮೇಜಿನಲ್ಲಿ ಆಪರೇಟರಮ್ಮ ತನ್ನ ಕಾಗದ ಮುಟ್ಟದೆ ನಮ್ಮನ್ನೇ ನೋಡುತ್ತಿದ್ದಳು. ನಾನು ಯಾವಾಗ ಕೈ ಹಾಕುತ್ತೇನೆಂದು ಕಾಯುತ್ತಿದ್ದಾಳೆ, ಎಂದುಕೊಂಡೆ. ಕಾಯಲಿ.

ಕೊನೆಗೆ ಇವರು ನನ್ನಿಂದ ದಾರ ಇಸಿದುಕೊಂಡು ಬುಡ ಬಿಗಿದು, ತುದಿಗೆ ಕಡ್ಡಿ ಅಂಟಿಸಿ, ಬೀಸಣಿಗೆ ಬಿಡಿಸಿ ಮೇಜಿನ ಮೇಲಿಟ್ಟರು. ಒಂದು ಕಡೆ ವಾಲಿಕೊಂಡಿತ್ತು. ನನ್ನ ವಿದ್ಯಾರ್ಥಿನಿ ಯಾರಾದರೂ ಹೀಗೆ ಮಾಡಿದ್ದರೆ ತರಗತಿಯಿಂದ ಹೊರಗೆ ನಿಲ್ಲಿಸುತ್ತಿದ್ದೆ.

“ಚೆನ್ನಾಗಿದೆ,” ಎಂದೆ.

ಅವರು ಬೀಸಣಿಗೆ ನೋಡಿದರು. ನನ್ನನ್ನು ನೋಡಿದರು. ಅವರ ಮುಖದಲ್ಲಿ ಸಂತೋಷ ಕಾಣಿಸಲಿಲ್ಲ, ಗಾಬರಿ ಕಾಣಿಸಿತು.

“ಯಾಕೇ, ಮೈ ಹುಷಾರಿಲ್ವಾ?” ಎಂದು, ಅಷ್ಟು ಜನರೆದುರು, ಗೋಂದು ಮೆತ್ತಿದ ಅಂಗೈಯನ್ನು ನನ್ನ ಹಣೆಯ ಮೇಲಿಟ್ಟರು.

ಆ ಕೈ ನನ್ನ ಹಣೆ ಮುಟ್ಟಿ ಎಷ್ಟು ಕಾಲವಾಗಿತ್ತೋ ನೆನಪಾಗಲಿಲ್ಲ. ಹುಷಾರಾಗಿದ್ದೇನೆ ಎನ್ನಲು ಬಾಯಿ ತೆರೆದೆ. ಇವರ ಭುಜದಾಚೆ ಆಪರೇಟರಮ್ಮನ ಕಣ್ಣು ಕಂಡಿತು.

“ಗೊತ್ತಾಗ್ತಿಲ್ಲ,” ಎಂದೆ. “ಸರಿಯಾಗಿ ನೋಡಿ.”