ಕಂಡಿಗೆ ಕೊಟ್ಟ ಬೆನ್ನು

“ಏ ಮುದಿ ಹಂದಿ, ಬೆನ್ನು ಗಟ್ಟಿ ಕೊಡೋ! ಉಪ್ಪುನೀರು ಗದ್ದಿಗೆ ನುಗ್ತು!”

ಕಟ್ಟೆಯ ಮೇಲೆ ಕೊಡೆ ಹಿಡಿದು ಹೀಗೆ ಕೂಗಿದವರು ವೆಂಕಟ್ರಮಣ ಒಡೆಯರು. ಮುದಿ ಹಂದಿ ಎಂದರೆ ನನ್ನ ಮಾವ ಕುಪ್ಪ. ಹುಣ್ಣಿಮೆಯ ಉಬ್ಬರಕ್ಕೆ ಅಘನಾಶಿನಿ ಹೊಳೆ ಏರಿ ಹೊಳೆಯಂಚಿನ ತಗ್ಗಿನ ಗಜನಿ ಗದ್ದೆಯ ಮಣ್ಣಿನ ಕಟ್ಟೆಯಲ್ಲಿ ಕಂಡಿ ಬಿದ್ದಿತ್ತು. ಕಂಡಿ ಬಿದ್ದರೆ ಒಕ್ಕಲಿನವನೊಬ್ಬ ಅದರಲ್ಲಿಳಿದು ಬೆನ್ನು ಕೊಟ್ಟು ನೀರು ತಡೆಯಬೇಕು, ಉಳಿದವರು ಕೆಸರು ತಂದು ತುಂಬಬೇಕು. ಅಜ್ಜನ ಕಾಲದ ಬಿಟ್ಟಿ. ಅದಕ್ಕೆ ಒಡೆಯರ ಅಂಗಳದ ಮೂಲೆಯಲ್ಲಿ ಗಂಜಿ. ಉಂಡ ಜಾಗಕ್ಕೆ ನಾವೇ ಸಗಣಿ ಸಾರಿಸಿ ಬರಬೇಕು. ಮಾವನಿಗೆ ಅದೂ ಒಂದು ಹೆಮ್ಮೆ! ಆ ಹೆಮ್ಮೆ ಕಂಡರೆ ನನಗೆ ಮೈ ಉರಿಯುತ್ತಿತ್ತು. ಆದರೂ ಬುಟ್ಟಿ ಹೊತ್ತೆ. ಗೇಣಿ ಅಳೆದು ಉಳಿಯುವ ನಮ್ಮ ವರ್ಷದ ಅನ್ನವೂ ಅದೇ ಗದ್ದೆಯಲ್ಲಿ ಮೊಳೆಯುತ್ತಿತ್ತು.

“ನಿನ್ನ ಗಂಡ ಎಲ್ಲಿ ಸತ್ತ, ಬಂಗಾರಿ?” ಎಂದರು ಒಡೆಯರು.

“ಕುಮಟೆಗೆ. ಮಿಲಿಟರಿ ಮರ ಹೇರೂಕೆ.”

ಲಡಾಯಿ ಶುರುವಾದ ಮೇಲೆ ಕೇರಿಯ ಹುಡುಗರೆಲ್ಲ ಮರದ ಡಿಪೋ ಸೇರಿದ್ದರು. ಗಂಟೆ ಹೊಡೆದರೆ ಕೆಲಸ, ಗಂಟೆ ಹೊಡೆದರೆ ಮನೆ, ಶನಿವಾರ ಕೈಗೆ ಕೂಲಿ. “ಗಂಟೆ ಹೊಡದ್ರೆ ಬಿಡೂದು ಎಂತ ಕೆಲ್ಸವೋ?” ಎಂದು ಮಾವ ಹಂಗಿಸುತ್ತಿದ್ದ. “ನೀ ಬೆನ್ನು ಸವೆಸ್ಕಂಡ್ಯಲ, ಎಂತ ಸಿಕ್ತು?” ಎಂದು ನನ್ನ ಗಂಡ ಎದುರಾಡುತ್ತಿದ್ದ. ದಿನಾ ಇದೇ ಜಗಳ.

ಸಂಜೆ ನನ್ನ ಗಂಡ ಮೂವರು ಜೊತೆಗಾರರೊಂದಿಗೆ ಕಟ್ಟೆಯ ಮೇಲೇ ಬಂದ. ಅಪ್ಪ ಎದೆಮಟ್ಟ ನೀರಿನಲ್ಲಿ ನಡುಗುತ್ತಿರುವುದನ್ನು ಕಂಡು ಅವನ ದವಡೆ ಬಿಗಿಯಿತು. ಆದರೆ ಇಳಿಯಲಿಲ್ಲ.

“ಕೂಲಿ ಎಷ್ಟು ಕೊಡ್ತ್ರಿ?”

ಒಡೆಯರ ಮುಖ ಹುಳ್ಳಗಾಯಿತು. ನೀರು ಏರುತ್ತಲೇ ಇತ್ತು. “ಡಿಪೋದವ್ರು ಕೊಟ್ಟಷ್ಟು ಕೊಡ್ತೆ. ಇಳೀರೋ, ಬೋಳಿಮಕ್ಳಾ!”

ಕಂಡಿಯಿಂದ ಮಾವ ತಲೆ ಎತ್ತಿದ. “ಒಡೆದೀರೇ, ನಂಗೂ ಅಷ್ಟೇಯಾ?”

ಒಡೆಯರು ಹೊಟ್ಟೆ ಕುಲುಕಿ ನಕ್ಕರು. “ನಿಂಗೆಂತಕ್ಕೋ ಕೂಲಿ? ಅವ್ರು ಹೊರಗಿನ ಆಳು. ನೀನು ನಮ್ಮನೆಯವ್ನಲ್ಲನಾ! ಗಂಜಿ ಕಾಯ್ಸಿಟ್ಟಿದು, ಬಾ.”

ಮಾವ ಒಡೆಯರನ್ನು ನೋಡಿದ. ಮಗನನ್ನು ನೋಡಿದ. ಆಮೇಲೆ ಕೆಸರಿನಿಂದ ಒಂದೊಂದೇ ಕಾಲು ಕಿತ್ತ. ಮಗ ಕೈ ಕೊಟ್ಟು ಮೇಲಕ್ಕೆಳೆದ; ಅವನ ಜೊತೆಗಾರರೂ ಇಳಿಯದೆ ಹಿಂದೆ ಸರಿದರು. ಕೆಸರಿನ ಕಪ್ಪೆಚಿಪ್ಪು ಗೀರಿ ಮಾವನ ಬೆನ್ನೆಲ್ಲ ರಕ್ತವಾಗಿತ್ತು.

ತಡೆ ತಪ್ಪಿದ ನೀರು ನಾವು ತುಂಬಿದ ಕೆಸರನ್ನೂ ಕಿತ್ತುಕೊಂಡು ಗದ್ದೆಗೆ ನುಗ್ಗಿತು. ಉಪ್ಪು ತಾಳುವ ಕಗ್ಗದ ಬತ್ತದ ಮೊಳಕೆಗಳೂ ಆ ರಭಸಕ್ಕೆ ಬೇರುಸಮೇತ ತೇಲತೊಡಗಿದವು. ಒಡೆಯರವು, ನಮ್ಮವು ಎಂದು ಬೇರೆ ತಿಳಿಯುತ್ತಿರಲಿಲ್ಲ. ತೇಲುತ್ತಿದ್ದುದು ನಮ್ಮ ವರ್ಷದ ಅನ್ನ. ಆದರೂ ಬುಟ್ಟಿ ಕೆಳಗಿಟ್ಟೆ.

“ಇಳಿಯೋ ಹಡಬೆ! ನಿನ್ನ ಅನ್ನವೂ ಹೋಗ್ತು!”

“ಹೋಗ್ಲಿ.” ಮಾವ ಕಟ್ಟೆಯ ಮೇಲೆ ಕುಳಿತು ಮಗನ ಸಂಚಿಗೆ ಕೈ ಹಾಕಿ ಹೊಗೆಸೊಪ್ಪು ತೆಗೆದ. “ಮನೆಯವ್ರಿಗೆ ಕೂಲಿ ಇಲ್ಲ, ಅಲ್ಲನಾ? ಆತು. ನಿಮ್ಮ ಮಗನ್ನ ಕರೀರಿ. ಅಂವ ಇಳೀಲಿ. ನನ್ನ ಗಂಜಿ ಅಂವಂಗೇ ಕೊಡಿ.”

ಒಡೆಯರು ಮಗನನ್ನು ಕರೆಯಲಿಲ್ಲ. ಕೊಡೆ ಕೆಳಗಿಟ್ಟರು. ಪಂಚೆಯನ್ನು ಮೊಣಕಾಲಿನವರೆಗೆ ಎತ್ತಿಕೊಂಡು ಕಂಡಿಯ ನೀರು ನೋಡಿದರು. ಮತ್ತೆ ಪಂಚೆ ಇಳಿಸಿದರು.