ಎಡ ಅಂಚಿನ ಓಟ

"ಫ್ರೀ ಪಾಸ್ ಇದ್ರೆ ಹೇಳಿ ದೀದಿ, ಇಡೀ ಕ್ಲಾಸನ್ನೇ ಕರ್ಕೊಂಡು ಬರ್ತೀವಿ" ಎಂದ ಹುಡುಗ, ನಿಹಾರಿಕಾ ಕೊಟ್ಟ ಕರಪತ್ರವನ್ನು ಮಡಚಿ ಕುಂಟುತ್ತಿದ್ದ ಟೇಬಲ್ಲಿನ ಕಾಲಡಿಗೆ ತುರುಕಿದ. ಟೇಬಲ್ಲು ನೆಟ್ಟಗೆ ನಿಂತಿತು. ಅವನ ಗೆಳೆಯರು ನಕ್ಕರು. ನಿಹಾರಿಕಾಳೂ ನಕ್ಕಳು, ನಗುವುದೂ ಈಗ ಅವಳ ಕೆಲಸದ ಒಂದು ಭಾಗವಾಗಿತ್ತು.

ಬೆಳಿಗ್ಗೆಯಿಂದ ಇದು ದಿಲ್ಲಿ ವಿಶ್ವವಿದ್ಯಾಲಯದ ನಾರ್ತ್ ಕ್ಯಾಂಪಸ್ಸಿನ ಮೂರನೆಯ ಕ್ಯಾಂಟೀನು. ಶನಿವಾರ ಅವಳು ಕೆಲಸಕ್ಕಿದ್ದ ಫುಟ್‌ಬಾಲ್ ಕ್ಲಬ್ಬಿನ ಮಹಿಳಾ ತಂಡದ ಪಂದ್ಯವಿತ್ತು. ಹಿಂದಿನ ಪಂದ್ಯಗಳಲ್ಲಿ ಸ್ಟ್ಯಾಂಡುಗಳಲ್ಲಿ ಆಟಗಾರ್ತಿಯರ ಅಪ್ಪ ಅಮ್ಮಂದಿರನ್ನು ಬಿಟ್ಟರೆ ಯಾರೂ ಇರಲಿಲ್ಲ. ಈ ಸಲವೂ ಹಾಗೇ ಆದರೆ ಮುಂದಿನ ಸೀಸನ್ನಿಗೆ ಹೆಣ್ಣುಮಕ್ಕಳ ಪಂದ್ಯಗಳನ್ನೆಲ್ಲ ಹಿತ್ತಿಲ ಕಡೆಯ ಪ್ರಾಕ್ಟೀಸ್ ಮೈದಾನದಲ್ಲಿ, ಗೇಟು ಹಾಕಿಕೊಂಡು ಆಡಿಸಿಬಿಡುತ್ತೇವೆ ಎಂದು ಕ್ಲಬ್ಬಿನ ಮ್ಯಾನೇಜರ್ ರಘುನಂದನ್ ಹೇಳಿಬಿಟ್ಟಿದ್ದರು. ಅವರ ಮಾತಿನಲ್ಲಿ ಸಿಟ್ಟೇನೂ ಇರಲಿಲ್ಲ. ಕಾಲೇಜಿನವರು ಬರಬೇಕಮ್ಮ, ಅವರು ಬಂದರೆ ಉಳಿದವರೂ ಬರುತ್ತಾರೆ ಎಂದಷ್ಟೇ ಹೇಳಿ, ಟಿಕೆಟ್ಟಿನ ಕಟ್ಟುಗಳನ್ನು ಅವಳ ಮುಂದಿಟ್ಟಿದ್ದರು.

ನಿಹಾರಿಕಾ ಎಲ್ಲವನ್ನೂ ಹೇಳಿ ನೋಡಿದಳು. ಡಿಜೆ ಇರುತ್ತದೆ, ಛೋಲೆ ಕುಲ್ಚೆಯ ಸ್ಟಾಲ್ ಇರುತ್ತದೆ, ಚಳಿಗಾಲದ ಬಿಸಿಲಿಗೆ ಮೈಯೊಡ್ಡಿ ಕೂರಬಹುದು ಎಂದೆಲ್ಲ. ಆಟವೊಂದರ ಬಗ್ಗೆ ಮಾತ್ರ ಅವಳ ಬಾಯಿಂದ ಮಾತು ಹೊರಡುತ್ತಿರಲಿಲ್ಲ. ಆಟದ ಮಾತೆತ್ತಿದರೆ ಮೈತ್ರೇಯಿಯ ಹೆಸರು ಹೇಳಬೇಕಾಗುತ್ತಿತ್ತು.

ಇಬ್ಬರೂ ಒಂದೇ ಕಾಲೇಜಿನ ತಂಡದಲ್ಲಿದ್ದವರು. ಎಡ ಅಂಚಿನಲ್ಲಿ ಆಡುತ್ತಿದ್ದವಳು ನಿಹಾರಿಕಾ. ಅವಳಿಗೆ ಸುಸ್ತಾದಾಗ ಬದಲಿಗೆ ಇಳಿಯುತ್ತಿದ್ದವಳು ಪೀತಂಪುರಾದ ಮೈತ್ರೇಯಿ. ಹೋದ ವರ್ಷ ಅಂತರ ಕಾಲೇಜು ಸೆಮಿಫೈನಲ್ಲಿನಲ್ಲಿ ತಿರುಗುವಾಗ ನಿಹಾರಿಕಾಳ ಎಡ ಮೊಣಕಾಲು ದೇಹದ ಜೊತೆ ತಿರುಗಲಿಲ್ಲ. ಯಾರೂ ತಳ್ಳಿರಲಿಲ್ಲ, ಯಾರೂ ಅಡ್ಡ ಬಂದಿರಲಿಲ್ಲ. ಅವಳನ್ನು ಹೊತ್ತು ಹೊರಗೆ ತಂದರು, ಮೈತ್ರೇಯಿ ಒಳಗೆ ಹೋದಳು. ಅಂದು ಪಂದ್ಯ ನೋಡಲು ಬಂದಿದ್ದ ಕ್ಲಬ್ಬಿನವರು ಎಡ ಅಂಚಿನ ಹುಡುಗಿಯ ಹೆಸರು ಕೇಳಿಕೊಂಡು ಹೋಗಿ, ಮೈತ್ರೇಯಿಯನ್ನು ತಮ್ಮ ತಂಡಕ್ಕೆ ಸೇರಿಸಿಕೊಂಡರು. ಎರಡು ಆಪರೇಷನ್ ಆದ ಮೇಲೆ ಡಾಕ್ಟರು, ನಡೆಯಬಹುದು, ಮೆಟ್ಟಿಲು ಹತ್ತಬಹುದು, ಆಟ ಮಾತ್ರ ಬೇಡ ಎಂದರು. ಕ್ಲಬ್ಬಿನಲ್ಲಿ ಈ ಕೆಲಸ ಕೊಡಿಸಿದವಳೂ ಮೈತ್ರೇಯಿಯೇ.

ಫೋನು ಬಂತು. ಕಿದ್ವಾಯಿ ನಗರದ ಮನೆಯಿಂದ ಅಮ್ಮ ದೇವಕಿ. ಊಟ ಮಾಡಿದೆಯಾ ಎಂದು ಶುರುವಾದ ಮಾತು ಎಂದಿನಂತೆ ಸರ್ಕಾರಿ ಪರೀಕ್ಷೆಯ ಕೋಚಿಂಗಿಗೆ ಬಂದು ನಿಂತಿತು. "ಆಮೇಲೆ ಮಾತಾಡ್ತೀನಿ ಅಮ್ಮಾ, ಕೆಲಸದಲ್ಲಿದ್ದೀನಿ" ಎಂದು ಅವಳು ಫೋನಿಟ್ಟಳು. ಪಕ್ಕದಲ್ಲಿ ಒಂಟಿಯಾಗಿ ರಾಜ್ಮಾ ಚಾವಲ್ ತಿನ್ನುತ್ತಿದ್ದ ಹುಡುಗಿಯೊಬ್ಬಳು ಚಮಚ ಕೆಳಗಿಟ್ಟಳು.

"ಅಕ್ಕಾ, ನೀವು ಕನ್ನಡದವರಾ?"

ಅವಳ ಹೆಸರು ಗಗನಾ. ಚಿತ್ರದುರ್ಗದವಳು, ಮೊದಲ ವರ್ಷ. ದಿಲ್ಲಿಗೆ ಬಂದ ಮೇಲೆ ಫೋನಿನಲ್ಲಲ್ಲದೆ ಎದುರಿಗೆ ಕೂತು ಕನ್ನಡದಲ್ಲಿ ಮಾತಾಡುತ್ತಿರುವುದು ಇದೇ ಮೊದಲು ಎಂದಳು. ಕರಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಸಂಕೋಚದಿಂದ ಕೇಳಿದಳು: "ನನಗೆ ಫುಟ್‌ಬಾಲ್ ಏನೂ ಗೊತ್ತಿಲ್ಲ. ಅದ್ರಲ್ಲಿ ನೋಡೋದು ಏನಿರತ್ತೆ ಅಕ್ಕಾ?"

ನಿಹಾರಿಕಾಳಿಗೆ ಬಾಯಿಪಾಠವಾಗಿದ್ದ ಮಾತುಗಳೆಲ್ಲ ಹಿಂದಿಯಲ್ಲಿದ್ದವು. ಕನ್ನಡದಲ್ಲಿ ಡಿಜೆ, ಸ್ಟಾಲ್ ಎನ್ನಲು ಅವಳಿಗೇ ನಾಚಿಕೆಯಾಯಿತು. ಕರಪತ್ರಗಳನ್ನು ಬದಿಗಿಟ್ಟು ನಿಧಾನವಾಗಿ ಹೇಳತೊಡಗಿದಳು.

"ಎಡಗಡೆ ಒಬ್ಬಳು ಆಡ್ತಾಳೆ. ಅವಳನ್ನ ನೋಡು. ಚೆಂಡು ಕಾಲಿಗೆ ಬಂದ್ರೆ ಅವಳು ಓಡಲ್ಲ, ನಿಂತುಬಿಡ್ತಾಳೆ. ಎದುರಿಗಿರೋಳು ಯಾವುದಾದರೂ ಒಂದು ಕಾಲಿನ ಮೇಲೆ ಭಾರ ಹಾಕ್ಲೇಬೇಕಲ್ಲ, ಅಲ್ಲೀವರೆಗೂ ಕಾಯ್ತಾಳೆ. ಹಾಕಿದ್ಳೋ, ಹೊರಗಡೆಯಿಂದ ಹೊರಟುಬಿಡ್ತಾಳೆ. ಸುಣ್ಣದ ಗೆರೆ ಮೇಲೇ, ಮೂಲೆ ಬಾವುಟದವರೆಗೂ. ಆಗ ಪಕ್ಕದಲ್ಲಿ ಯಾರು ಕೂಗಿದ್ರೂ ಕೇಳಲ್ಲ. ಉಸಿರಿನ ಸದ್ದು ಒಂದೇ."

ಹೇಳುತ್ತ ಹೇಳುತ್ತ ಅವಳ ಕೈ ಟೇಬಲ್ಲಿನ ಅಂಚಿನುದ್ದಕ್ಕೂ ಸರಿದುಹೋಗಿತ್ತು. ಭಾಷೆ ತಿಳಿಯದಿದ್ದರೂ ಫ್ರೀ ಪಾಸಿನ ಹುಡುಗ ಆ ಕೈಯನ್ನೇ ನೋಡುತ್ತಿದ್ದ. ಏನು ಕಥೆ ಅದು ಎಂದು ಕೇಳಿದ. ಅವಳು ಹಿಂದಿಯಲ್ಲಿ ಇನ್ನೊಮ್ಮೆ ಹೇಳಿದಳು. ಯಾರು ಆಕೆ ಎಂದು ಅವನು ಕೇಳಿದಾಗ ಮೈತ್ರೇಯಿಯ ಹೆಸರನ್ನೂ ಹೇಳಿದಳು. ಅಂದು ಮೊದಲ ಟಿಕೆಟ್ಟನ್ನು ಗಗನಾ ಕೊಂಡಳು. ಆ ಹುಡುಗನೂ ಅವನ ಗೆಳೆಯರೂ ಆಮೇಲೆ.

ಮುಂದಿನ ದಿನಗಳಲ್ಲಿ ನಿಹಾರಿಕಾ ಕ್ಯಾಂಟೀನುಗಳಲ್ಲಿ, ಹಾಸ್ಟೆಲ್ಲಿನ ಅಂಗಳಗಳಲ್ಲಿ, ಮೆಟ್ರೋ ಸ್ಟೇಷನ್ನಿನ ಮೆಟ್ಟಿಲ ಬಳಿ ಅದೊಂದನ್ನೇ ಹೇಳಿದಳು. ಹೇಳಿದಷ್ಟೂ ಆ ಓಟ ಸ್ಪಷ್ಟವಾಗುತ್ತಿತ್ತು. ಬೂಟಿನಡಿಯಲ್ಲಿ ಹುಲ್ಲು ಹರಿಯುವುದು, ಎದುರಾಳಿ ಹಿಂದಿನಿಂದ ಅಂಗಿಯನ್ನು ಜಗ್ಗಿ ಕೈಬಿಡುವುದು, ಎಲ್ಲ. ಕೆಲವರು ನಕ್ಕು ಹೋದರು. ಬಹಳ ಜನ ನಿಂತು ಕೇಳಿ ಟಿಕೆಟ್ಟು ತೆಗೆದುಕೊಂಡರು.

ಶನಿವಾರ ಮಧ್ಯಾಹ್ನ ಕ್ಲಬ್ಬಿನ ಮೈದಾನದ ಗೇಟಿನ ಮುಂದೆ ಸಾಲು ರಸ್ತೆಯವರೆಗೂ ಬೆಳೆದಿತ್ತು. ತಂಡದ ಬಸ್ಸು ನಿಂತಿತು. ಕೆಳಗಿಳಿದ ಮೈತ್ರೇಯಿ ಸಾಲನ್ನು ಕಂಡು ತಬ್ಬಿಬ್ಬಾಗಿ ಗೆಳತಿಯ ಬಳಿ ಬಂದಳು.

"ಅರೇ, ಇಷ್ಟೊಂದು ಜನ... ಇವರೆಲ್ಲ ನನ್ನ ಬಗ್ಗೆ ಕೇಳ್ತಿದ್ದಾರಂತೆ, ಎಡಗಡೆ ಓಡೋಳು ಯಾರು ಅಂತ. ಏನ್ ಹೇಳಿದೀಯ ನೀನು?"

"ನೋಡೋ ಹಾಗೆ ಆಡ್ತೀಯ ಅಂದೆ."

"ಡರ್ ಲಗ್ತಾ ಹೈ ನಿಹೂ, ಭಯ ಆಗ್ತಿದೆ. ನೀನು ಒಳಗೆ ಬರ್ತೀಯ ತಾನೆ?"

ಗೇಟಿನಲ್ಲಿ ಟಿಕೆಟ್ ನೋಡುವವರು ಬೇಕಲ್ಲ ಎಂದಳು ನಿಹಾರಿಕಾ. ಮೈತ್ರೇಯಿಯ ಕೈ ತಣ್ಣಗಿತ್ತು. ಅದನ್ನು ಎರಡೂ ಕೈಯಲ್ಲಿ ಹಿಡಿದು ಉಜ್ಜಿ ಕಳುಹಿಸಿದಳು.

ಆಟ ಶುರುವಾಗಿ ಬಹಳ ಹೊತ್ತಾದರೂ ಅವಳು ಗೇಟನ್ನು ಬಿಟ್ಟು ಕದಲಲಿಲ್ಲ. ಕೊನೆಗೆ ಬರುವವರೆಲ್ಲ ಬಂದಾಗಿತ್ತು; ನೀವೂ ಹೋಗಿ ಮೇಡಂ ಎಂದು ಕಾವಲುಗಾರನೇ ಹೇಳಿದ ಮೇಲೆ ಒಳಗೆ ಹೋದಳು. ವಿದ್ಯಾರ್ಥಿಗಳ ಕಡೆಯ ಸ್ಟ್ಯಾಂಡಿನಲ್ಲಿ ಖಾಲಿ ಕುರ್ಚಿ ಇರಲಿಲ್ಲ. ಸಾಲಿನ ತುದಿಯಲ್ಲಿ ಗಗನಾ ಕೂತಿದ್ದಳು. ಅವಳ ಪಕ್ಕದ ಮೆಟ್ಟಿಲ ಮೇಲೆಯೇ ನಿಹಾರಿಕಾ ಕೂತಳು.

ಎಡ ಅಂಚಿನಲ್ಲಿ ಮೈತ್ರೇಯಿಯ ಕಾಲಿಗೆ ಚೆಂಡು ಬಂತು. ಅವಳು ನಿಲ್ಲುವುದನ್ನೇ ಇಡೀ ಸ್ಟ್ಯಾಂಡು ಕಾದು ಕೂತಿತು. ಮೈತ್ರೇಯಿ ನಿಲ್ಲಲಿಲ್ಲ. ಚೆಂಡನ್ನು ತಟ್ಟಿ ನೇರ ಒಳಕ್ಕೆ ನುಗ್ಗಿದಳು, ಇಬ್ಬರ ನಡುವೆ ಹಾಯ್ದು ಎದುರಿಗೆ ಬಂದ ತನ್ನ ತಂಡದವಳಿಗೆ ಕೊಟ್ಟಳು, ತಿರುಗಿ ಪಡೆದಳು, ಒದ್ದಳು. ಚೆಂಡು ಬಲೆಗೆ ಬಿತ್ತು. ಸುತ್ತಲಿನವರೆಲ್ಲ ಎದ್ದು ನಿಂತು ಅವಳ ಹೆಸರು ಕೂಗಿದರು. ನಿಹಾರಿಕಾಳೂ ಕೂಗಿದಳು. ಅವಳ ಕಣ್ಣು ತುಂಬಿ ಬಂದಿತ್ತು.

ಗದ್ದಲ ಇಳಿದ ಮೇಲೆ ಗಗನಾ ಅವಳ ಕಿವಿಯ ಬಳಿ ಬಾಗಿದಳು. "ಚೆನ್ನಾಗಿತ್ತು ಅಕ್ಕಾ. ಆದ್ರೆ ನೀವು ಹೇಳಿದ್ದು ಹಾಗಲ್ವಲ್ಲ. ನಿಂತ್ಕೊಂಡು, ಗೆರೆ ಮೇಲೇ ಹೋಗ್ತಾಳೆ ಅಂದಿದ್ರಿ."

"ಹೌದು" ಎಂದಳು ನಿಹಾರಿಕಾ. "ಅದು ಬೇರೆಯವಳು."

ಆ ಬೇರೆಯವಳು ಈವತ್ತು ಆಡುತ್ತಿಲ್ಲವೇ ಎಂದು ಗಗನಾ ಕೇಳುವಷ್ಟರಲ್ಲಿ ಚೆಂಡು ಮತ್ತೆ ಎಡಕ್ಕೆ ಬಂದಿತ್ತು. ನಿಹಾರಿಕಾ ಮುಂದಕ್ಕೆ ಬಾಗಿದಳು. ಅವಳ ಎಡಗಾಲು ಸಿಮೆಂಟಿನ ಮೆಟ್ಟಿಲ ಮೇಲೆ ಸದ್ದಿಲ್ಲದೆ ಹಿಂದಕ್ಕೆ ಸರಿದು, ತಡೆದು, ಅವಳು ಹೇಳಿದ್ದ ಓಟದಂತೆಯೇ ಹೊರಕ್ಕೆ ಹೊರಳಿತು. ಗಗನಾ ಅದನ್ನು ನೋಡಿದಳು. ಮೆಟ್ಟಿಲ ಮೇಲಿದ್ದ ತನ್ನ ಬ್ಯಾಗನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು, ಆ ಕಾಲಿಗೆ ಜಾಗ ಬಿಟ್ಟಳು.